ಬೆಳ್ಳಿಯ ಕರಡಿಗೆ

ಕೋಕಿಲಾ ಬಗ್ಗಿ ಹಾಸಿಗೆಯ ಮೂಲೆಯನ್ನೆತ್ತಿ ಮೂಸಿ ನೋಡಿದಳು. ಉಚ್ಚೆಯ ವಾಸನೆ ಇರಲಿಲ್ಲ. ಇದು ಹನ್ನೊಂದನೆಯ ಮಂಚ. ಇಲ್ಲಿಯೂ ಅದೇ ಫಿನಾಯಿಲ್, ಅದೇ ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ. ಹೊದಿಕೆ ಹೊಸದೋ ಹಳೆಯದೋ ಎಂದು ನೋಡಿ ಮೋಸಹೋಗುವ ಕಾಲ ಅವಳಿಗೆ ಮುಗಿದಿತ್ತು. ತಪಾಸಣೆಗೆಂದೇ ಒಂದೊಂದು ಜೊತೆ ಹೊಸ ಹೊದಿಕೆಯನ್ನು ಎಲ್ಲ ವೃದ್ಧಾಶ್ರಮದವರೂ ಎತ್ತಿಟ್ಟಿರುತ್ತಾರೆ. ನೋಡಬೇಕಾದದ್ದು ಹಾಸಿಗೆಯ ಮೂಲೆ, ಮಲಗಿದ್ದಲ್ಲೇ ಹುಣ್ಣಾಗುವ ಹಿಮ್ಮಡಿ, ಉಗುರಿನ ಸಂದು. ಒಂಬತ್ತು ವರ್ಷದಿಂದ ಇಲಾಖೆಯ ಪರವಾಗಿ ಇದನ್ನೇ ನೋಡುತ್ತ ಬಂದಿದ್ದ ಕೋಕಿಲಾಗೆ ಮುದುಕರ ಮುಖಕ್ಕಿಂತ ಹಿಮ್ಮಡಿಗಳೇ ಚೆನ್ನಾಗಿ ನೆನಪಿರುತ್ತಿದ್ದವು.

ಮೊದಮೊದಲು ಹೀಗಿರಲಿಲ್ಲ. ಮೊದಲ ವರ್ಷ ಮನೆಗೆ ಹೋಗಿ ಅತ್ತದ್ದುಂಟು, ಊಟ ಬಿಟ್ಟದ್ದೂ ಉಂಟು. ಆಮೇಲೆ ಯಾವಾಗಲೋ ಅದು ನಿಂತುಹೋಯಿತು. ಈಗ ಏನೂ ಅನ್ನಿಸುತ್ತಿರಲಿಲ್ಲ, ಅನ್ನಿಸುತ್ತಿಲ್ಲವಲ್ಲ ಎಂಬ ಬೇಜಾರೂ ಇರಲಿಲ್ಲ. ನಮೂನೆಯಲ್ಲಿ ಮೂವತ್ತೆರಡು ಪ್ರಶ್ನೆ, ಪ್ರತಿಯೊಂದರ ಮುಂದೆಯೂ ‘ತೃಪ್ತಿಕರ’, ‘ತೃಪ್ತಿಕರವಲ್ಲ’ ಎಂಬ ಎರಡು ಚೌಕ. ಗುರುತು ಹಾಕಿ ರುಜು ಮಾಡಿದರೆ ಕೆಲಸ ಮುಗಿಯಿತು, ಮಲ್ಲೇಶ್ವರಂನ ಬಸ್ಸು ಹಿಡಿಯಬಹುದು.

ಹಿಂದೆಯೇ ಬರುತ್ತಿದ್ದ ಶೈಲಜಮ್ಮ ಆಶ್ರಮದ ಮೇಲ್ವಿಚಾರಕಿ. ಚಾಮರಾಜಪೇಟೆಯ ಈ ಹಳೆಯ ಹೆಂಚಿನ ಮನೆಯನ್ನೂ ಅದರೊಳಗಿನ ಇಪ್ಪತ್ತಾರು ಮುದುಕಿಯರನ್ನೂ ಮೂರೇ ಜನ ಆಯಾಗಳನ್ನಿಟ್ಟುಕೊಂಡು ನಿಭಾಯಿಸುತ್ತಿದ್ದರು. ಕೆಟ್ಟವರಲ್ಲ. ಹೋದ ವರ್ಷ, ೨೦೦೨ರಲ್ಲಿ, ಇಲ್ಲಿ ಒಬ್ಬರ ಓಲೆ ಕಳುವಾಗಿ ದೂರು ಬಂದಿತ್ತು. ನಿವಾಸಿಗಳ ಮೈಮೇಲಿನ ಬೆಳ್ಳಿ ಬಂಗಾರವನ್ನೆಲ್ಲ ತೆಗೆಸಿ, ಚೀಟಿ ಹಚ್ಚಿ ಬೀರುವಿನಲ್ಲಿಡತಕ್ಕದ್ದು ಎಂದು ಕೋಕಿಲಾ ಆಗ ಷರಾ ಬರೆದಿದ್ದಳು. ಬರೆದದ್ದು ಅವಳಿಗೇ ಮರೆತುಹೋಗಿತ್ತು. ಶೈಲಜಮ್ಮ ಮರೆತಿರಲಿಲ್ಲ. ಇವತ್ತು ಅವಳು ಒಳಗೆ ಕಾಲಿಟ್ಟ ಕೂಡಲೇ ಬೀರು ತೆಗೆದು ತೋರಿಸಿದ್ದರು: ಓಲೆ, ಮೂಗುಬೊಟ್ಟು, ಕಾಲುಂಗುರ, ಒಂದೊಂದೂ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ಕೆಳಗಿನ ಅರೆಯಲ್ಲಿ ಒಂದು ಬೆಳ್ಳಿಯ ಕರಡಿಗೆ, ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದು. ಚೀಟಿಯಲ್ಲಿ ಗಿರಿಜಾಂಬಾ ಎಂದಿತ್ತು. ಬೆಳ್ಳಿಯದನ್ನಷ್ಟೇ ತೆಗೆದುಕೊಂಡೆವು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಅವರಿಗೇ ಕೊಟ್ಟೆವು ಎಂದು ಶೈಲಜಮ್ಮ ವಿವರಿಸಿದ್ದರು. ಕೋಕಿಲಾ ತೃಪ್ತಿಕರವೆಂದು ಗುರುತು ಹಾಕಿದ್ದಳು.

ಆ ಗಿರಿಜಾಂಬಾ ಹನ್ನೆರಡನೆಯ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಳೇಪೇಟೆಯಲ್ಲಿ ಗಂಡ ಹೋದ ಮೇಲೂ ಇಪ್ಪತ್ತು ವರ್ಷ ಬಳೆ ಅಂಗಡಿ ನಡೆಸಿ, ಮಕ್ಕಳಿಲ್ಲದ್ದರಿಂದ ಅಂಗಡಿ ಮುಚ್ಚಿ ತಾವಾಗಿಯೇ ಬಂದು ಇಲ್ಲಿ ಸೇರಿದವರು. ಹಿಮ್ಮಡಿ ಸರಿಯಾಗಿತ್ತು, ಉಗುರು ಸರಿಯಾಗಿತ್ತು. ತೋಳು ಮಾತ್ರ ಹೋದ ವರ್ಷದ ತೋಳಲ್ಲ. ಕೋಕಿಲಾ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ನಡುವೆ ಪೂರ್ತಿ ಸಿಕ್ಕಿಬಿಟ್ಟಿತು. ಊಟದ ಪುಸ್ತಕ ತರಿಸಿ ನೋಡಿದರೆ ಮೂರು ಹೊತ್ತೂ ಅವರ ಹೆಸರಿನ ಮುಂದೆ ಗುರುತಿತ್ತು. ಗುರುತು ಹಾಕುವುದು ತಟ್ಟೆ ಕೊಡುವಾಗಲೋ ಎತ್ತುವಾಗಲೋ ಎಂದು ಕೇಳಿದಳು. ಕೊಡುವಾಗಲೇ ಎಂದು ಆಯಾ ಪಾರ್ವತಮ್ಮ ಸತ್ಯ ಹೇಳಿಬಿಟ್ಟಳು.

ಅಜ್ಜಿಗೆ ಮರೆವು ಶುರುವಾಗಿದೆ, ಒಂದು ತಿಂಗಳಿಂದ ಎರಡು ತುತ್ತು ತಿಂದರೆ ಹೆಚ್ಚು, ಡಾಕ್ಟರು ಟಾನಿಕ್ ಬರೆದುಕೊಟ್ಟಿದ್ದಾರೆ ಎಂದು ಶೈಲಜಮ್ಮ ಒಂದೇ ಉಸಿರಿಗೆ ಹೇಳಿದರು. ತಮ್ಮ ಲಿಂಗವನ್ನೇ ತಮ್ಮದಲ್ಲ ಅನ್ನುತ್ತಾರೆ ಎಂದೂ ಸೇರಿಸಿದರು.

“ಮರೆವಿಲ್ಲ ಕಣಮ್ಮ ನಂಗೆ,” ಎಂದರು ಗಿರಿಜಾಂಬಾ. ಗಿರಾಕಿಗೆ ದರ ಹೇಳುವಷ್ಟೇ ಸಮಾಧಾನವಿತ್ತು ದನಿಯಲ್ಲಿ. ದಿಂಬಿನಡಿಯಿಂದ ಒಂದು ಬಟ್ಟೆಯ ಗಂಟು ತೆಗೆದು ಕೋಕಿಲಾಳ ಕೈಗೆ ಹಾಕಿದರು. ತನ್ನದಾಗಿದ್ದರೆ ಲಿಂಗವನ್ನು ಯಾರೂ ಹೀಗೆ ಪರರ ಕೈಗೆ ಕೊಡುವುದಿಲ್ಲ. ಬ್ರಾಹ್ಮಣರ ಮನೆಯ ಕೋಕಿಲಾಗೂ ಅಷ್ಟು ತಿಳಿದಿತ್ತು.

“ಇದು ಅಂಗಡೀದು. ನಂದು ನಾನು ತೊಟ್ಟಿಲಲ್ಲಿದ್ದಾಗ ಐನೋರು ಕಟ್ಟಿದ್ದು. ಎಂಬತ್ಮೂರು ವರ್ಷ ಅಂಗೈ ಮೇಲೆ ಇಟ್ಕೊಂಡಿದೀನಿ, ತೂಕ ಗೊತ್ತಾಗಲ್ವಾ? ಪೂಜೆ ಇಲ್ದೆ ಹೆಂಗಮ್ಮ ಉಣ್ಲಿ?”

ಕೋಕಿಲಾ ಶೈಲಜಮ್ಮನವರನ್ನು ಆಫೀಸು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಎರಡನೆಯ ಸಲ ಕೇಳಬೇಕಾಗಲಿಲ್ಲ. ಸ್ನಾನ ಮಾಡಿಸುವಾಗ ಬಿಚ್ಚಿಟ್ಟ ಗಂಟು ಒಗೆಯುವ ಬಟ್ಟೆಗಳ ಜೊತೆ ಹೋಗಿತ್ತು. ಬಟ್ಟೆ ಸಿಕ್ಕಿತು, ಒಳಗಿದ್ದದ್ದು ಸಿಗಲಿಲ್ಲ. ಪಾರ್ವತಮ್ಮ ಮೋರಿಗೆ ಭುಜದವರೆಗೂ ಕೈ ಹಾಕಿ ಎರಡು ದಿನ ಹುಡುಕಿದಳು. ಮೂರನೆಯ ದಿನ ಶೈಲಜಮ್ಮ ತಾವೇ ಪೇಟೆಗೆ ನಡೆದು ಹೋಗಿ, ಅದೇ ಗಾತ್ರದ್ದನ್ನು ಹುಡುಕಿ ತಂದು, ಅದೇ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು.

“ಕನ್ನಡಕ ಒಡೆದ್ರೆ ಬೇರೆ ಮಾಡಿಸ್ಕೊಡಲ್ವಾ ಮೇಡಂ, ಹಾಗೇ ಅನ್ಕೊಂಡೆ. ಈ ವಯಸ್ಸಲ್ಲಿ ಯಾಕೆ ನೋಯಿಸೋದು ಅಂತ ಹೇಳ್ಲಿಲ್ಲ.” ಆಮೇಲೆ, “ಕರಡಿಗೇಲೇ ಇದ್ದಿದ್ರೆ ಹೋಗ್ತಿರ್ಲಿಲ್ಲ,” ಎಂದರು. ಆರೋಪ ಮಾಡುವ ದನಿಯಲ್ಲ ಅದು. ಮೇಜಿನ ಮೇಲೆ ಹೋದ ವರ್ಷದ ಷರಾ ಇತ್ತು, ಕೆಳಗೆ ಕೋಕಿಲಾಳ ರುಜು ಇತ್ತು.

ಕೋಕಿಲಾ ತನಗೆ ಏನಾದರೂ ಅನ್ನಿಸೀತೆಂದು ಕಾದಳು. ಹೊರಗೆ ಆಟೋ ಒಂದು ಹೋಯಿತು. ಏನೂ ಅನ್ನಿಸಲಿಲ್ಲ. ಇದನ್ನು ಬರೆದರೆ ಆಶ್ರಮದ ಮಾನ್ಯತೆ ಹೋಗಬಹುದು. ಹೋದರೆ ಇಪ್ಪತ್ತಾರು ಜನರನ್ನು ಇಲಾಖೆ ಎಲ್ಲೆಲ್ಲಿಗೋ ಸೇರಿಸುತ್ತದೆ. ಆ ಎಲ್ಲೆಲ್ಲಿಯ ಹಾಸಿಗೆಗಳನ್ನೂ ಅವಳು ಮೂಸಿ ನೋಡಿದ್ದಳು. ಬರೆಯದಿದ್ದರೆ ಗಿರಿಜಾಂಬಾ ಕಾಗದದ ಮೇಲೆ ಮರೆವಿನ ರೋಗಿಯಾಗಿಯೇ ಉಳಿದು, ದಿನಕ್ಕೆ ಮೂರು ಗುರುತು ಹಾಕಿಸಿಕೊಳ್ಳುತ್ತ, ಟಾನಿಕ್ ಕುಡಿಯುತ್ತ, ಒಂದು ದಿನ ಹೋಗಿಬಿಡುತ್ತಾರೆ. ಇಲಾಖೆಗೂ ಆಶ್ರಮಕ್ಕೂ ಅವಳಿಗೂ ಅದೇ ಸುಲಭ. ಆ ಸುಲಭ ತನಗೆ ಎಷ್ಟು ಅಭ್ಯಾಸವಾಗಿಹೋಗಿದೆ ಎಂದು ತಿಳಿದಾಗ ಅವಳಿಗೆ ನಾಚಿಕೆಯಾಯಿತು. ಬಹಳ ದಿನದ ಮೇಲೆ ಆದ ನಾಚಿಕೆ, ಅದೂ ಎಲ್ಲೋ ದೂರದಲ್ಲಿ ಬೇರೆಯವರಿಗೆ ಆದಂತಿತ್ತು.

ಅವಳು ಬರೆದಳು. ಷರಾ ಕೊಟ್ಟವಳು ತಾನು, ನಿವಾಸಿಯನ್ನು ಕೇಳದೆ ಕೊಟ್ಟದ್ದು ತಪ್ಪು, ಅದರಿಂದ ಲಿಂಗ ಕಳೆದಿದೆ, ಕಳೆದದ್ದನ್ನು ಮುಚ್ಚಿಡಲಾಗಿದೆ, ನಿವಾಸಿಗೆ ಮರೆವಿನ ಕಾಯಿಲೆ ಇಲ್ಲ. ಶೈಲಜಮ್ಮ ಎರಡು ಸಲ ಓದಿದರು. ನಿಮ್ಮ ಹೆಸರೂ ಬರೆದುಕೊಂಡಿದ್ದೀರಲ್ಲ ಎಂದು ಕೇಳಿ, ಉತ್ತರಕ್ಕೆ ಕಾಯದೆ ರುಜು ಹಾಕಿದರು.

ಊಟದ ಹೊತ್ತಾಗಿತ್ತು. ಕೋಕಿಲಾ ಪಾರ್ವತಮ್ಮನ ಕೈಯಿಂದ ತಟ್ಟೆ ಇಸಕೊಂಡು ತಾನೇ ಹನ್ನೆರಡನೆಯ ಮಂಚಕ್ಕೆ ಹೋದಳು. ಏನೂ ಬಿಡದೆ ಎಲ್ಲ ಹೇಳಿದಳು. ಗಿರಿಜಾಂಬಾ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಬರೆದ್ರಾ?”

“ಬರೆದೆ ಅಜ್ಜಿ.”

“ಬರೆದ್ರೆ ಸಿಗತ್ತಾ?”

“ಇಲ್ಲ.”

ಜಂಗಮ ಐನೋರೊಬ್ಬರನ್ನು ಕರೆಸಿ ವಿಧಿಯಂತೆ ಬೇರೆ ಲಿಂಗ ಕಟ್ಟಿಸಬಹುದಲ್ಲವೇ ಎಂದು ಕೋಕಿಲಾ ಕೇಳಿದಳು. ಗಿರಿಜಾಂಬಾ ಕರೆಸಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

“ಸತ್ತಾಗ ಅದನ್ನೇ ಕೈಯಲ್ಲಿಟ್ಟು ಮಣ್ಣು ಮಾಡೋದು ನಮ್ಮಲ್ಲಿ. ಅದಕ್ಕೇ ಅಂತ ಇಟ್ಕೊಂಡಿದ್ದೆ.” ಅವರು ಬರಿಯ ಕೊರಳನ್ನು ಮುಟ್ಟಿಕೊಂಡರು. “ಕಳೀತು ಅಂದಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಹುಚ್ಚಿ ಮಾಡ್ಬಿಟ್ರಲ್ಲಮ್ಮ.”

ಕೋಕಿಲಾ ತಲೆ ತಗ್ಗಿಸಿದಳು.

ಗಿರಿಜಾಂಬಾ ಲೋಟದ ನೀರಿನಲ್ಲಿ ಎಡಗೈ ತೊಳೆದು ಸೆರಗಿನಿಂದ ಒರೆಸಿಕೊಂಡರು. ವಿಭೂತಿ ಗಟ್ಟಿಯನ್ನು ಮೂರು ಬೆರಳಿಗೆ ತೀಡಿ ಹಣೆಗೆ ಹಚ್ಚಿದರು, ಆಮೇಲೆ ಬರಿಯ ಅಂಗೈಗೂ ಹಚ್ಚಿದರು. ಆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಏನೂ ಇಲ್ಲದ ಅದರ ನಟ್ಟನಡುವೆ ಕಣ್ಣು ನೆಟ್ಟು ಕೂತರು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ತಟ್ಟೆಯಲ್ಲಿ ಸಾರು ಆರುತ್ತಿತ್ತು. ಪೂಜೆ ಎಷ್ಟು ಹೊತ್ತೆಂದು ಕೋಕಿಲಾ ಕೇಳಲಿಲ್ಲ, ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತಿದ್ದಳು.