ಅರ್ಜೆಂಟಮ್ಮನ ಹಸಿರು ಚುಕ್ಕೆ

ಸೋದರಮಾವ ಅವಳಿಗೆ ಅರ್ಜೆಂಟಮ್ಮ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎಡಗಾಲು ಒಂದು ಬೆರಳಷ್ಟು ಗಿಡ್ಡವಿದ್ದರೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೊಸಿಲು ದಾಟುತ್ತಿದ್ದವಳು ಅವಳೇ. ಆ ಕಾಲಿಗೆ ಮೂರನೇ ವಯಸ್ಸಿನಿಂದ ಬೂಟು ಹೊಲಿದು ಕೊಟ್ಟವರು ಮಾಮ. ನೆಟ್ಟಗಿಲ್ಲದ ಪಾದಗಳಿಗೆ ಬೂಟು ಮಾಡುವುದೇ ಅವರ ಅಂಗಡಿಯ ಕಸುಬು.

ಅಳತೆಯನ್ನು ಯಾರು ಬೇಕಾದರೂ ಹಿಡಿಯಬಹುದು. ಮಾಮ ಅದರ ಕೆಳಗೆ ನಾಲ್ಕು ಮಾತು ಬರೆಯುತ್ತಿದ್ದರು: 'ಬಲಗಾಲು ಮುನಿಸಿಕೊಂಡಿದೆ, ಹಿಮ್ಮಡಿಗೆ ಮೆತ್ತೆ ಕೊಟ್ಟು ರಮಿಸಬೇಕು', 'ಈ ಕಿರುಬೆರಳಿಗೆ ಸಂಕೋಚ ಜಾಸ್ತಿ, ಜಾಗ ಬಿಡಿ.' ಇಂಥ ನಲವತ್ತು ವರ್ಷದ ಮಾತು ಇಪ್ಪತ್ತಾರು ನೋಟುಬುಕ್ಕುಗಳಲ್ಲಿ ಗೋಡೆಗೆ ಒರಗಿ ಕೂತಿತ್ತು. ಬೂಟು ಕಾಲಿಗೆ ಒಗ್ಗುತ್ತಿದ್ದುದು ಅವುಗಳಿಂದಲೇ.

ಕಂಪ್ಯೂಟರ್ ಕೆಲಸ ಕಲಿತ ಸೋದರಸೊಸೆ ಸುಮ್ಮನಿರುತ್ತಾಳೆಯೇ? ಅಂಗಡಿಯ ಮಾಹಿತಿಯನ್ನೆಲ್ಲ ಕ್ಲೌಡಿನ ಡೇಟಾಬೇಸಿಗೆ ಸಾಗಿಸಲು ಹೊರಟಳು. ಮೂರು ಆ್ಯಪ್‌ಗಳನ್ನು ಅದಕ್ಕೆ ಜೋಡಿಸಬೇಕಿತ್ತು: ಗಿರಾಕಿಗಳ ಹೆಸರಿಗೊಂದು, ಅಳತೆಗೊಂದು, ಮಾಮನ ಮಾತುಗಳಿಗೆ ಅವರ ಫೋನಿನಲ್ಲೊಂದು. ಪ್ರತಿಯೊಂದರಲ್ಲೂ ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್, ಜೊತೆಗೆ ಕನ್ನಡ ಅಕ್ಷರ ಬರುತ್ತದೆಂದು ಮೊದಲೇ ತಿಳಿಸುವ ಒಂದು ಸಾಲು ಇರಬೇಕು. ಮೊದಲೆರಡರಲ್ಲಿ ಆ ಸಾಲು ಬರೆದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಪರೀಕ್ಷೆಗೆಂದು ಒಂದು, ಎರಡು, ಮೂರು ಎಂದು ಅಂಕಿ ಒತ್ತಿದಳು. ಸಂಪರ್ಕ ಸರಿಯಿದೆ ಎನ್ನುವ ಹಸಿರು ಚುಕ್ಕೆ ಹೊತ್ತಿತು. ಎದ್ದುಬಿಟ್ಟಳು.

ಮಾಮ ನಾಲ್ಕು ತಿಂಗಳು ಒಂದೇ ಬೆರಳಲ್ಲಿ ಕುಟ್ಟಿದರು. ಒಂದೊಂದು ನೋಟುಬುಕ್ಕು ಮುಗಿದಾಗಲೂ ಫೋನ್ ಮಾಡಿ ಸೇರಿತಾ ಎಂದು ಕೇಳುವರು. ಅವಳು ತನ್ನ ಪರದೆಯ ಚುಕ್ಕೆಯತ್ತ ಕಣ್ಣು ಹಾಯಿಸಿ ಸೇರಿತು ಎನ್ನುವಳು. ಆ ಬುಕ್ಕು ರದ್ದಿಗೆ ಹೋಗುವುದು. ಹೊಸ ಹೊಲಿಗೆ ಯಂತ್ರಕ್ಕೆ ಆ ಗೋಡೆ ಬೇಕೆಂದು ಅವಸರ ಮಾಡಿದವಳೂ ಅವಳೇ.

ಈ ನಡುವೆ ಒಂದು ದಿನ ಮಾಮ ಬೇರೆ ಮಾತು ತೆಗೆದರು. "ಅರ್ಜೆಂಟಮ್ಮ, ನಿನ್ನೆ ಬರ್ದಿದ್ದನ್ನ ಇವತ್ತು ತೆಗೆದ್ರೆ ಬರೀ ಕೊಕ್ಕೆ ಕೊಕ್ಕೆ ಕಾಣುತ್ತೆ ಕಣೇ. ನಾನು ಹೇಳಿದ್ದಕ್ಕೆಲ್ಲ ಅದು ನನ್ನನ್ನೇ ಪ್ರಶ್ನೆ ಕೇಳೋ ಹಾಗಿದೆ."

ಅವಳು ಆಫೀಸಿನ ಮೀಟಿಂಗಿನ ಬಾಗಿಲಲ್ಲಿ ನಿಂತಿದ್ದಳು. ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. "ಗೊತ್ತಾಯ್ತು ಮಾಮ," ಎಂದಳು. "ನಿಮ್ಮ ಫೋನ್ ಹಳೇದು, ಸರಿಯಾಗಿ ತೋರ್ಸಲ್ಲ ಅಷ್ಟೇ. ಒಳಗೆಲ್ಲ ಭದ್ರವಾಗಿದೆ."

ಆಗ ಇನ್ನೂ ಒಂಬತ್ತು ನೋಟುಬುಕ್ಕು ಉಳಿದಿದ್ದವು. ಅವಳ ಮಾತು ನಂಬಿ ಮಾಮ ಅವನ್ನೂ ಮುಗಿಸಿ ರದ್ದಿಗೆ ಹಾಕಿದರು.

ಕೆಲವು ದಿನಗಳ ಮೇಲೆ ಅಂಗಡಿಯಲ್ಲೇ ಮಾಮನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ಹೊರಳದಾಯಿತು. ಕೆಲಸದವರು ಬರೀ ಅಳತೆ ನೋಡಿ ಹೊಲಿದ ಬೂಟುಗಳು ಗುಳ್ಳೆ ಎಬ್ಬಿಸಿ ವಾಪಸ್ಸು ಬಂದವು. ಅವಳು ಕೂತು ಡೇಟಾಬೇಸ್ ತೆರೆದಳು. ಅಂಕಿಗಳೆಲ್ಲ ಸರಿಯಾಗಿದ್ದವು. ಅವುಗಳ ಕೆಳಗೆ ಸಾಲುಸಾಲು ಪ್ರಶ್ನೆಚಿಹ್ನೆ. ಗುರುತು ಸಿಗದ ಒಂದೊಂದು ಅಕ್ಷರವನ್ನೂ ಎಸೆದು ಅಲ್ಲೊಂದು ಪ್ರಶ್ನೆಚಿಹ್ನೆ ಇಟ್ಟಿತ್ತು ಡೇಟಾಬೇಸು. ಕ್ಲೌಡು ದಿನಾ ತಪ್ಪದೆ ನಕಲು ಎತ್ತಿಟ್ಟಿತ್ತು ನಿಜ, ಆದರೆ ಪ್ರಶ್ನೆಚಿಹ್ನೆಗಳ ನಕಲು. ತನ್ನ ಹೆಸರಿನಡಿಯೂ ಅಂಥವೇ ಆರು ಸಾಲು ಇದ್ದವು. ನೋಟುಬುಕ್ಕು ಗೋಡೆಗೆ ಒರಗಿದ್ದಾಗ ಅದನ್ನು ತೆಗೆದು ಓದಲು ಅವಳಿಗೆ ಎಂದೂ ಪುರುಸೊತ್ತಾಗಿರಲಿಲ್ಲ. ಮೂರನೇ ಆ್ಯಪ್‌ನಲ್ಲಿ ಆ ಒಂದು ಸಾಲು ಬರೆಯದೆ ಊಟಕ್ಕೆ ಎದ್ದೆನಲ್ಲ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಮಾಮನ ಮಂಚದ ಪಕ್ಕ ಕೂತು ಎಲ್ಲವನ್ನೂ ಒಪ್ಪಿಕೊಂಡಳು. ಅವರು ಎಡಗೈಯಿಂದ ತಮ್ಮ ಮೊಣಕಾಲು ತಟ್ಟಿದರು, ಚಿಕ್ಕಂದಿನಲ್ಲಿ ಅಳತೆಗೆ ಕರೆಯುತ್ತಿದ್ದ ಹಾಗೆ. ಅವಳು ಬೂಟು ಕಳಚಿ ಕಾಲು ಚಾಚಿದಳು. ಹೆಬ್ಬೆರಳಿನಿಂದ ಪಾದದ ಅಂಚನ್ನು ಸವರುತ್ತ ಮಾಮ ಏನೋ ಹೇಳಿದರು. ಒಂದು ಅಕ್ಷರವೂ ಬಿಡಿಯಾಗಿ ಕೇಳಿಸಲಿಲ್ಲ.

ಗೊತ್ತಾಯ್ತು ಮಾಮ ಎಂಬ ಮಾತು ಅಭ್ಯಾಸಬಲದಿಂದ ತುಟಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ಗೊತ್ತಾಗ್ಲಿಲ್ಲ ಮಾಮ. ಇನ್ನೊಂದ್ಸಲ ಹೇಳಿ."

ಮಾಮ ಇನ್ನೊಂದು ಸಲ ಹೇಳಿದರು. ಆಗಲೂ ಗೊತ್ತಾಗಲಿಲ್ಲ.