ಸೂರಜನ ಎಲೆಗೆ ಮೊರೊಕ್ಕೊ ಮೀನು

ನಮ್ಮ ಊರಿನ ಕಡೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣುತ್ತಾರೆ. ಅಡುಗೆ ಮಾಡುವವರು ಮಾತ್ರ ರುಚಿ ನೋಡಬಾರದು, ನೋಡಿದರೆ ಎಂಜಲು. ನನ್ನ ಅಪ್ಪನಿಗೆ ಕೋಳಿ ಬಡಿಸಿದ್ದೆ, ಅಮ್ಮನಿಗೆ ಬಂಗುಡೆ ಸಾರು. ಮಗ ಸೂರಜನಿಗೆ ಇಷ್ಟವಾಗಿದ್ದದ್ದು ಮೊರೊಕ್ಕೊ ದೇಶದ ಮೀನು. ಮಗನ ಎಲೆಗೆ ಅಪ್ಪ ಬಡಿಸುವ ದಿನ ಶತ್ರುವಿಗೂ ಬೇಡ.

ಅವನು ಹಡಗಿನ ಅಡುಗೆಮನೆಯಲ್ಲಿದ್ದ. ಅಲ್ಲಿ ಮೊರೊಕ್ಕೊದವನೊಬ್ಬ ಇದನ್ನು ಕಲಿಸಿದನಂತೆ. ರಜೆಗೆ ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಬಂದಾಗಲೆಲ್ಲ ಮಾಡುತ್ತಿದ್ದ. ಈ ಸಲ ಬಂದವನೇ ಒಂದು ಸಣ್ಣ ಬಾಟಲಿಯಲ್ಲಿ ನಿಂಬೆಹಣ್ಣನ್ನು ಉಪ್ಪು ತುಂಬಿ ಇಟ್ಟ, ಕಳಿತರೆ ಮೀನಿಗೆ ಬೇಕೆಂದು. ಅದು ಕಳಿಯುವ ಮೊದಲೇ ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವನು ಮನೆಗೆ ಬರಲಿಲ್ಲ.

ಹೆಂಡತಿ ಗುಣವತಿಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ. ನಾನೇ ನಿಂತೆ. ನಾನು ಅಡುಗೆಗಿರುವ ಹೋಟೆಲಿನಲ್ಲಿ ಸಾಂಬಾರು ನನ್ನ ಕೈಯದು. ಅಳತೆಗಿಳತೆ ನನಗೆ ಗೊತ್ತಿಲ್ಲ, ಎಲ್ಲ ನಾಲಿಗೆಯ ಲೆಕ್ಕ. "ಅಪ್ಪ, ನಿಮ್ಮ ನಾಲಿಗೆಗೊಂದು ಇನ್ಶೂರೆನ್ಸ್ ಮಾಡಿಸ್ಬೇಕು" ಎಂದು ಸೂರಜ್ ತಮಾಷೆ ಮಾಡುತ್ತಿದ್ದ. ಆ ನಾಲಿಗೆಯನ್ನು ಕಟ್ಟಿಟ್ಟು ಅವನ ಅಡುಗೆಯನ್ನು ಅವನ ಹಾಗೆಯೇ ಮಾಡಬೇಕಿತ್ತು.

ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಚಕ್ಕೆ ಅರೆದು ಅಂಜಲ್ ಮೀನಿನ ತುಂಡುಗಳಿಗೆ ಹಚ್ಚಿದೆ. ಬಾಟಲಿಯ ನಿಂಬೆಯನ್ನೆಲ್ಲ ಹೆಚ್ಚಿ ಹಾಕಿದೆ. ಮಗಳು ಸಮೀಕ್ಷಾ ಪಕ್ಕದಲ್ಲಿದ್ದಳು. "ಆಲಿವ್ ಲಾಸ್ಟ್‌ಲ ದಾನ್ ಪೋಡಣುಂ ಪಾ," ಎಂದಳು ತಮಿಳಿನಲ್ಲಿ. ಅಣ್ಣ ಮಾಡುವುದನ್ನು ನೋಡಿದವಳು ಅವಳೊಬ್ಬಳೇ, ಅದಕ್ಕೆ ಆಲಿವ್ ಕಾಯಿ ಕೊನೆಗೇ ಹಾಕಿದೆ.

ಕುದಿ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಸೌಟಿನಿಂದ ಒಂದು ತೊಟ್ಟು ಎಡ ಅಂಗೈಗೆ ಬಿತ್ತು, ಅಂಗೈ ಬಾಯಿಗೆ ಹೋಯಿತು. ಉಪ್ಪು, ಹುಳಿ, ಹಿಂದಿನಿಂದ ಬರುವ ಚಕ್ಕೆಯ ಸಿಹಿ, ಎಲ್ಲ ಅವನದೇ. ನುಂಗಿದ ಮೇಲೆ ಏನು ಮಾಡಿದೆನೆಂದು ತಿಳಿಯಿತು. ನನ್ನ ಕೈಯನ್ನು ಆ ಒಲೆಗೇ ಇಡಬೇಕೆನಿಸಿತು.

ಗುಣವತಿ ಬಾಗಿಲಲ್ಲಿ ನಿಂತು ನೋಡಿದ್ದಳು. "ಎಂತ ಮಾಡಿದ್ದು ನೀವು?"

"ಎಂಜಲಾಯ್ತು. ನಿಂಬೆ ಪೂರ್ತಿ ಹಾಕಿ ಆಗಿದೆ. ಬೇರೆ ಮಾಡ್ಲಿಕ್ಕೆ ಅವನು ಉಪ್ಪು ಹಾಕಿಟ್ಟದ್ದು ಇನ್ನಿಲ್ಲ."

ಅವಳು ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅವ ಮಾಡಿದ ಹಾಗೆ ಉಂಟಾ?"

"ಉಂಟು."

"ಹಾಗಾದ್ರೆ ಬಡಿಸಿ. ಸಣ್ಣದಿರುವಾಗ ನಿಮ್ಮ ಬಟ್ಟಲಿಂದಲೇ ಅಲ್ವಾ ಅವ ಉಂಡದ್ದು? ಆಗ ಇಲ್ಲದ ಎಂಜಲು ಈಗ ಎಲ್ಲಿಂದ ಬಂತು?"

ಬಡಿಸಿದೆವು. ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕುಳಿತೆವು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು, ಉಂಡವರು ಎದ್ದು ಹೊರಡಲಿ ಎಂದು. ಹೊರಟವರು ಮತ್ತೆ ಹೊಸ್ತಿಲು ದಾಟಿ ಬರುವುದಿಲ್ಲ.

"ತಟ್ಟಿ ಪಾ, ತುಂಬ ಹೊತ್ತಾಯ್ತು," ಎಂದಳು ಸಮೀಕ್ಷಾ. ಗುಣವತಿ ಎದ್ದು ಸೆರಗು ಸರಿ ಮಾಡಿಕೊಂಡಳು. ನಾನು ಬಾಗಿಲಿಗೆ ಕೈ ಎತ್ತಿ ಇಳಿಸಿದೆ.

"ಇರಲಿ," ಎಂದೆ. "ಅವನಿಗೆ ಮುಳ್ಳು ಬಿಡಿಸ್ಲಿಕ್ಕೆ ಹೊತ್ತು ಬೇಕು."

ಅಂಜಲಿಗೆ ನಡುಮುಳ್ಳೊಂದು ಬಿಟ್ಟರೆ ಬಿಡಿಸುವಂಥದ್ದು ಏನೂ ಇಲ್ಲ. ಗುಣವತಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅವಳು ಮತ್ತೆ ಮೆಟ್ಟಿಲ ಮೇಲೆ ಕುಳಿತಳು.