ಲೆಕ್ಕಕ್ಕೆ ಬಾರದ ಪಾಠಗಳು

"ಮತ್ತೆ ಎರಡನೇ ವರ್ಷಕ್ಕಾ? ನನ್ನ ಮಗಳು ಎರಡು ವರ್ಷ ಮುಗಿಸ್ಕೊಂಡೇ ಬಂದಿದ್ದಾಳಲ್ರೀ!"

ಬೇಕರಿಯವನ ದನಿಗೆ ಕಾಲೇಜು ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾನು ತೆರೆದ ಹೊಸ ಅಂಗಡಿಗೆ ಹತ್ತಿರವೆಂದು ಮಗಳನ್ನು ಹಳೆಯ ಕಾಲೇಜಿನಿಂದ ಬಿಡಿಸಿ ಇಲ್ಲಿಗೆ ಸೇರಿಸಿದವನು ಅವನೇ. ಕಂಪ್ಯೂಟರ್ ಪದವಿಗೆ ಇನ್ನೊಂದೇ ವರ್ಷ ಎಂದು ಗಿರಾಕಿಗಳ ಮುಂದೆಲ್ಲ ಹೇಳಿಕೊಂಡಿದ್ದ.

"ಹಳೇ ಕಾಲೇಜಲ್ಲಿ ಪಾಸಾದ ವಿಷಯಗಳ ಕ್ರೆಡಿಟ್ ಎಲ್ಲಾ ಒಪ್ಪಿದ್ದೀವಿ ಅಂದಿದ್ರಲ್ಲ ಮೇಡಂ?" ಎಂದಳು ಮಗಳು.

"ಒಪ್ಪಿದ್ದೀವಮ್ಮ. ಆದ್ರೆ ಪ್ರೋಗ್ರಾಮಿಂಗ್, ಡೇಟಾಬೇಸ್ ಎರಡೂ ಐಚ್ಛಿಕ ವಿಷಯಗಳಾಗಿ ಬಂದಿವೆ. ಕಡ್ಡಾಯ ವಿಷಯದ ಜಾಗ ಖಾಲಿನೇ. ಎರಡು ವಿಷಯ ಬಾಕಿ ಇಟ್ಕೊಂಡು ಮೂರನೇ ವರ್ಷಕ್ಕೆ ಕೂರೋ ಹಾಗಿಲ್ಲ," ಎಂದರು ಕೌಂಟರಿನಾಕೆ.

ಬೇಕರಿಯವನು ಅಂಗಡಿಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಅದೇ ಯೋಚನೆಯಲ್ಲಿ ಒಲೆಯಲ್ಲಿಟ್ಟ ಬನ್ನು ಮರೆತ; ಅದು ಕರಕಲಾಗಿ ಎದ್ದ ಹೊಗೆ ಕಂಡು ಪಕ್ಕದ ಮನೆಯ ಟೀಚರಕ್ಕ ಓಡಿ ಬಂದಳು. ಅವಳು ಬೇರೊಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಬೇಕರಿಯವನು ನಡೆದದ್ದನ್ನೆಲ್ಲ ಹೇಳಿಕೊಂಡ.

"ಕಲಿತದ್ದು ಕಲಿತದ್ದೇ ಅಲ್ವೇನಕ್ಕಾ? ಈ ಬೀದೀಲಿ ಬೆಂದ ಬ್ರೆಡ್ಡು ಆ ಬೀದಿಗೆ ಹೋದ್ರೆ ಬ್ರೆಡ್ಡಲ್ವಾ?"

"ಬ್ರೆಡ್ಡೇ ಅಣ್ಣಾ. ಆದ್ರೆ ಕೇಕ್ ಹೇಳಿದವರಿಗೆ ಅದನ್ನ ಕೊಟ್ರೆ? ಇಟ್ಕೋಬಹುದು, ಕೇಕ್ ಬಂತು ಅನ್ನಲ್ಲ."

"ಅಂದ್ರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ!"

"ಹೂಂ. ವಿಷಯದ ಹೆಸರು ಒಂದೇ ಇದ್ರೆ ಸಾಲದು. ಪಾಠ ಎಷ್ಟು ಹೊಂದುತ್ತೆ, ಲ್ಯಾಬ್ ಇತ್ತಾ, ಅಂಕ ಸಾಕಾ, ಎಲ್ಲಾ ನೋಡ್ತಾರೆ. ಪದವಿಗೆ ಏನು ಬೇಕು ಅಂತ ಒಂದೊಂದು ಕಾಲೇಜಿಗೆ ಒಂದೊಂದು ನಿಯಮ."

"ಹಂಗಾದ್ರೆ ನನ್ನ ಕಥೆ ಮುಗೀತಾ?" ಎಂದಳು ಮಗಳು.

"ಯಾರಂದ್ರು? ವಿಭಾಗದ ಮುಖ್ಯಸ್ಥರ ಹತ್ರ ಮರುಪರಿಶೀಲನೆ ಕೇಳು. ಹಳೇ ಪಠ್ಯಕ್ರಮ ತಗೊಂಡ್ಹೋಗು, ನೀನೇ ಬರೆದ ಪ್ರೋಗ್ರಾಂ ತೋರಿಸು."

"ಬಂಡೆಗೆ ತಲೆ ಚಚ್ಚಿಕೊಂಡ ಹಾಗೆ," ಎಂದು ಗೊಣಗುತ್ತಲೇ ಅಪ್ಪ ಮಗಳ ಜೊತೆ ಹೊರಟ.

ಮುಖ್ಯಸ್ಥರು ಅವಳನ್ನು ಅಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಸಮಸ್ಯೆ ಕೊಟ್ಟರು. ಬಾಗಿಲ ಗಾಜಿನಾಚೆ ಅಪ್ಪ ಇಣುಕುತ್ತ ನಿಂತ. ಮಗಳು ಬರೆದಳು, ತಪ್ಪಿತು, ತಿದ್ದಿದಳು, ಪ್ರೋಗ್ರಾಂ ಓಡಿತು.

"ಪ್ರೋಗ್ರಾಮಿಂಗ್ ಕಡ್ಡಾಯದ ಲೆಕ್ಕಕ್ಕೇ ಹಿಡೀತೀವಿ," ಎಂದರು ಮುಖ್ಯಸ್ಥರು. "ಆದ್ರೆ ಡೇಟಾಬೇಸ್‌ಗೆ ನಿನ್ನ ಹಳೇ ಕಾಲೇಜಲ್ಲಿ ಲ್ಯಾಬೇ ಇರಲಿಲ್ಲ. ಅದನ್ನ ಮತ್ತೆ ಕಲೀಲೇಬೇಕು. ಒಂದೇ ವಿಷಯ ಬಾಕಿ ಇದ್ರೆ ಬಿಡ್ತೀವಿ, ಮೂರನೇ ವರ್ಷದ ಜೊತೆಗೇ ಮಾಡು."

ಮಗಳು ಅಳುತ್ತಲೇ ನಕ್ಕಳು. ಓದಿ ಪಾಸಾದ ಪಾಠಕ್ಕೆ ಮತ್ತೆ ಮೊದಲಿಂದ ಕೂರಬೇಕಲ್ಲ ಎಂಬ ಸಂಕಟ ಮಾತ್ರ ಅಪ್ಪನನ್ನು ಬಿಡಲಿಲ್ಲ.

ಕೆಲವೇ ದಿನಗಳಲ್ಲಿ ಮಗಳ ಹಳೇ ಕಾಲೇಜಿನ ಗೆಳತಿ ಅಂಗಡಿಗೆ ಬಂದಳು. "ಮಾಮಾ, ನಾನೂ ಇವಳ ಕಾಲೇಜಿಗೇ ಬರ್ತೀನಿ. ನಾಳೆನೇ ಹಳೇ ಕಾಲೇಜು ಬಿಡ್ತೀನಿ."

ಬೇಕರಿಯವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. "ತಡಿಯಮ್ಮಾ! ಮೊದಲು ಹೋಗಿ ಕೇಳು. ನನ್ನ ಪಾಠ ತಗೋತೀರಾ ಅಂತಲ್ಲ, ಪದವಿಯಲ್ಲಿ ಯಾವ ಜಾಗಕ್ಕೆ ಹಿಡೀತೀರಾ ಅಂತ ಕೇಳು!"

ಓದುವ ಮಕ್ಕಳೇ, ಓದಿಸುವ ಹೆತ್ತವರೇ, ಕಾಲೇಜು ಬದಲಿಸುವ ಯೋಚನೆ ನಿಮಗೂ ಇದೆಯೇ? ಹಳೆಯ ಬಾಗಿಲು ಮುಚ್ಚುವ ಮುನ್ನ ಹೊಸ ಬಾಗಿಲಲ್ಲಿ ನಿಂತು ಇದೇ ಪ್ರಶ್ನೆ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇಲ್ಲ ಎಂದರೆ ಏಕೆಂದು ಕೇಳಿ. ಕೇಳುವುದಕ್ಕೆ ನಾಚಬೇಡಿ; ಕಷ್ಟಪಟ್ಟು ಕಲಿತವರು ನೀವು.